ಕೂಲಿಯಾ: ಹವಾಯಿಯಲ್ಲಿ ಕೇಳಿದ ಒಂದು ಮಾತು

ಹವಾಯಿ ಅಂದ್ರೆ ನಮ್ಮ ಕಡೆ ಮೊದಲು ನೆನಪಾಗೋದು ಚಪ್ಪಲಿ. ಬಚ್ಚಲಿಗೆ, ಕೊಟ್ಟಿಗೆಗೆ, ತೋಟಕ್ಕೆ ಎಲ್ಲದಕ್ಕೂ ಅದೇ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಆ ಹೆಸರಿನ ಊರಿನ ಜನರೂ ನಮ್ಮ ಹಾಗೇ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಮನೆಯೊಳಗೆ ಬರುತ್ತಾರೆ ಅಂತ ತಿಳಿದಾಗ ನನಗೆ ಅರ್ಧ ಪರಿಚಯ ಆದಂತಾಯಿತು. ವಯಸ್ಸಾದವರನ್ನು 'ಆಂಟಿ', 'ಅಂಕಲ್' ಅಂತಲೇ ಕರೆಯುತ್ತಾರೆ ಅಂತ ಗೊತ್ತಾದ ಮೇಲಂತೂ ಉಳಿದರ್ಧವೂ ಆಗಿಹೋಯಿತು.

ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಈ ಸಲ ನಾವು ಹೋದಾಗ ಮಗಳಿಗೆ ಐದು ತಿಂಗಳು. "ಪಾಪು ಬಂದ್ಮೇಲೆ ಎಲ್ಲೂ ಹೋಗಕ್ಕಾಗಲ್ಲ, ಈಗಲೇ ಒಂದು ವಾರ ಹೋಗಿ ಬರೋಣ ಅಮ್ಮ" ಅಂತ ಹಟ ಹಿಡಿದು ನಮ್ಮಿಬ್ಬರನ್ನೂ ಹೊರಡಿಸಿದಳು. ಐದು ಗಂಟೆಗೂ ಮೀರಿದ ವಿಮಾನ ಪ್ರಯಾಣ. ಕಿಟಕಿಯಿಂದ ನೋಡಿದರೆ ಕೆಳಗೆ ನೀರು ಬಿಟ್ಟು ಇನ್ನೇನೂ ಇಲ್ಲ. ಇಷ್ಟು ನೀರಿನ ನಡುವೆ ಊರು ಎಲ್ಲಿರಬೇಕು ಅಂತ ಅನುಮಾನ ಬರುವ ಹೊತ್ತಿಗೆ ಓವಾಹು ದ್ವೀಪ, ಅದರ ಅಂಚಿಗೆ ಹೊನೊಲುಲು ಪಟ್ಟಣ.

ನಾನು ಸಮುದ್ರದ ಬಣ್ಣದ ಬಗ್ಗೆ ಬರೆಯಲು ಹೋಗುವುದಿಲ್ಲ. ಅದನ್ನು ಎಲ್ಲರೂ ಬರೆದಿದ್ದಾರೆ, ಫೋಟೋ ನಿಮ್ಮ ಮೊಬೈಲಿನಲ್ಲೇ ಸಿಗುತ್ತದೆ. ಸಾಗರದ ಹತ್ತಿರ ನಮ್ಮದೊಂದು ನಾಲ್ಕು ಕೋಣೆಯ ಹೋಂಸ್ಟೇ ಇದೆ. ಜೋಗ ನೋಡಲು ಬರುವವರು ಒಂದೋ ಎರಡೋ ರಾತ್ರಿ ಇದ್ದು ಹೋಗುತ್ತಾರೆ. ಅದರಿಂದಾಗಿ ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಹಾಸಿಗೆಯ ಮೂಲೆಗೆ, ಬಚ್ಚಲಿನ ನಲ್ಲಿಗೆ, ಎದುರಿಗೆ ನಿಂತು ಮಾತಾಡಿಸುವವರ ಮುಖಕ್ಕೆ. "ನೀನು ಊರು ನೋಡಕ್ಕೆ ಬಂದಿದ್ಯಾ, ಇನ್‌ಸ್ಪೆಕ್ಷನ್ನಿಗೆ ಬಂದಿದ್ಯಾ?" ಅಂತ ಯಜಮಾನರು ಕೇಳುವುದು ಹೊಸದೇನಲ್ಲ.

ವಿಮಾನ ನಿಲ್ದಾಣದ ಪಕ್ಕದಲ್ಲೇ ಹೂವಿನ ಅಂಗಡಿಗಳ ಸಾಲಿದೆ. ಇಳಿದವರ ಕೊರಳಿಗೆಲ್ಲ ಯಾರೋ ಬಂದು ಹಾರ ಹಾಕುತ್ತಾರೆ ಎಂಬುದು ಸಿನಿಮಾದ ಮಾತು. ನಮ್ಮ ಹಾರವನ್ನು ನಾವೇ ಕೊಂಡೆವು. ಅದಕ್ಕೆ 'ಲೇ' ಅನ್ನುತ್ತಾರೆ. ಹೂವು ನೋಡಿದರೆ ನಮ್ಮ ದೇವಕಣಗಿಲೆ! ನಮ್ಮಲ್ಲಿ ಮರದ ಕೆಳಗೆ ಬಿದ್ದು ಹಾಸಿಕೊಂಡಿರುವುದನ್ನು ಇಲ್ಲಿ ಡಾಲರ್ ಕೊಟ್ಟು ಕೊಳ್ಳಬೇಕಲ್ಲ ಅಂತ ಒಳಗೇ ಲೆಕ್ಕ ಹಾಕುತ್ತ ನಿಂತಿದ್ದೆ. ಅಂಗಡಿಯ ಆಂಟಿ ನನಗೊಂದು ಹಾರ ಹಾಕಿದರು. ಮಗಳಿಗೆ ಹಾಕಲು ಇನ್ನೊಂದನ್ನು ಎತ್ತಿದವರು ಅವಳ ಹೊಟ್ಟೆ ನೋಡಿ ತಡೆದು, ಹಾರದ ಗಂಟು ಬಿಚ್ಚಿ, ಎರಡೂ ತುದಿ ಇಳಿಬಿದ್ದಿರುವ ಹಾಗೆ ಹೆಗಲ ಮೇಲೆ ಹೊದಿಸಿದರು. ಬಸುರಿಯ ಕೊರಳಿಗೆ ಸುತ್ತು ಮುಚ್ಚಿದ ಹಾರ ಹಾಕಬಾರದಂತೆ, ಮಗುವಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಳ್ಳುತ್ತದೆ ಅನ್ನುವುದು ಅವರ ಹಿರಿಯರ ನಂಬಿಕೆ. ಹಿಂದೆ ಐದಾರು ಜನ ಕಾಯುತ್ತಿದ್ದರು. ಆದರೂ ಗಂಟು ಬಿಚ್ಚಿದ ಕಡೆ ಹೂವು ಜಾರದಂತೆ ಎರಡೂ ತುದಿಗೆ ಬೇರೆ ಗಂಟು ಹಾಕಿಯೇ ಕೈಬಿಟ್ಟರು. ಸಂಜೆ ಹಾರವನ್ನು ಕಸದ ಬುಟ್ಟಿಗೆ ಹಾಕಬೇಡಿ, ಮರದ ಕೊಂಬೆಗೆ ಹಾಕಿ ಅಂತಲೂ ಹೇಳಿದರು. ನಿರ್ಮಾಲ್ಯವನ್ನು ತುಳಸಿ ಬುಡಕ್ಕೋ ತೆಂಗಿನ ಬುಡಕ್ಕೋ ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ವಿಷಯಕ್ಕೆ ಒಂದು ಹೆಸರಿದೆ ಅಂತ ಗೊತ್ತಾದದ್ದು ಎರಡು ದಿನದ ಮೇಲೆ, ಇಯೊಲಾನಿ ಅರಮನೆಯಲ್ಲಿ.

ಇಂದು ಅಮೆರಿಕದ ರಾಜ್ಯವಾಗಿರುವ ಹವಾಯಿ ಒಂದು ಕಾಲಕ್ಕೆ ಸ್ವತಂತ್ರ ರಾಜ್ಯ. ದೊರೆ ಕಲಾಕೌವ 1882ರಲ್ಲಿ ಕಟ್ಟಿ ಮುಗಿಸಿದ ಅರಮನೆ ಇದು. ಅಮೆರಿಕದ ವೈಟ್ ಹೌಸ್‌ಗಿಂತ ಮೊದಲೇ ಇಲ್ಲಿ ಕರೆಂಟು ದೀಪ ಉರಿದಿತ್ತು. ನಮ್ಮ ಪಾದರಕ್ಷೆಯ ಮೇಲೆ ಬಟ್ಟೆಯ ಚೀಲದಂಥದ್ದನ್ನು ತೊಡಿಸಿ ಒಳಗೆ ಬಿಟ್ಟರು. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಪದಚ್ಯುತಗೊಳಿಸಿದರು, ಎರಡು ವರ್ಷದ ಮೇಲೆ ಇದೇ ಅರಮನೆಯ ಮಹಡಿಯ ಕೋಣೆಯಲ್ಲಿ ಸೆರೆಯಿಟ್ಟರು. ಆಗ ಆಕೆ ಬಣ್ಣದ ತುಂಡು ಬಟ್ಟೆಗಳನ್ನು ಸೇರಿಸಿ ಹೊಲಿದ ಕೌದಿ ಇವತ್ತೂ ಅಲ್ಲಿದೆ. ಹೌದು, ಕೌದಿಯೇ. ಉತ್ತರ ಕರ್ನಾಟಕದ ಯಾವ ಅಜ್ಜಿ ನೋಡಿದರೂ ಹತ್ತಿರ ಹೋಗಿ ಹೊಲಿಗೆ ನೋಡುತ್ತಾಳೆ.

ನಮ್ಮ ಗುಂಪಿಗೆ ಅರಮನೆ ತೋರಿಸಿದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಸಂಬಳವಿಲ್ಲದೆ ಸ್ವಇಚ್ಛೆಯಿಂದ ಬರುವವರು. ಅವರಿಗೆ ಕೌದಿಗಿಂತ ಹೆಚ್ಚಿನ ಅಕ್ಕರೆ ಇದ್ದದ್ದು ಕಲಾಕೌವನ ಹೆಂಡತಿ, ರಾಣಿ ಕಪಿಯೊಲಾನಿಯ ಮೇಲೆ. "ಆಕೆಯ ಧ್ಯೇಯವಾಕ್ಯ ಗೊತ್ತಾ? ಕೂಲಿಯಾ ಇ ಕ ನು-ಉ" ಅಂದರು. 'ನು' ಅಂದು ಗಂಟಲಲ್ಲಿ ಒಂದು ಕ್ಷಣ ತಡೆದು ಆಮೇಲೆ 'ಉ' ಅನ್ನಬೇಕು. ಶಿಖರ ಮುಟ್ಟಲು ಶ್ರಮಿಸು ಅಂತ ಅರ್ಥ. ನು-ಉ ಅಂದರೆ ಎತ್ತರ, ಕೂಲಿಯಾ ಅಂದರೆ ಪ್ರಯತ್ನಪಡು.

ನನ್ನ ಕಿವಿಗೆ ಬಿದ್ದದ್ದು 'ಕೂಲಿಯ' ಅಂತ. ನಮ್ಮ ಭಾಷೆಯಲ್ಲಿ ಕೂಲಿ ಅಂದರೆ ದಿನಗೂಲಿ ಅಂತ ಹೇಳಿದೆ. ಅಜ್ಜಿ ನಕ್ಕರು. ಕೂಲಿ ಅನ್ನುವ ಶಬ್ದ ಈ ದ್ವೀಪಗಳಿಗೂ ಹೊಸದಲ್ಲ, ಕಬ್ಬಿನ ತೋಟಕ್ಕೆ ಚೀನಾದಿಂದ, ಜಪಾನಿನಿಂದ, ಪೋರ್ಚುಗಲ್ಲಿನಿಂದ, 1906ರಿಂದ ಫಿಲಿಪೀನ್ಸಿನಿಂದ ಜನರನ್ನು ತಂದದ್ದು ಕೂಲಿಗೇ ಅಲ್ಲವೇ ಅಂದರು. ಎರಡು ಶಬ್ದಕ್ಕೂ ಸಂಬಂಧವಿಲ್ಲ ಅನ್ನೋದು ನನಗೂ ಗೊತ್ತು. ಆದರೂ ಆ ವಾರವೆಲ್ಲ ಅವೆರಡೂ ನನ್ನ ತಲೆಯಲ್ಲಿ ಒಟ್ಟಿಗೇ ಓಡಾಡಿದವು.

ಕಪಿಯೊಲಾನಿಯ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಆಕೆಗೆ ಮಕ್ಕಳಿರಲಿಲ್ಲ. ಹೊರಗಿನಿಂದ ಬಂದ ದಡಾರ, ಸಿಡುಬು, ಕುಷ್ಠದಂಥ ಕಾಯಿಲೆಗಳಿಂದ ಅಲ್ಲಿಯ ಮೂಲ ಜನ ಕರಗಿಹೋಗುತ್ತಿದ್ದ ಕಾಲ ಅದು. ಲಕ್ಷಗಳಲ್ಲಿದ್ದವರು 1890ರ ಗಣತಿಗೆ ಸುಮಾರು 40 ಸಾವಿರಕ್ಕೆ ಇಳಿದಿದ್ದರು. ಕುಷ್ಠ ಬಂದವರನ್ನು ಮೊಲೊಕಾಯಿ ದ್ವೀಪದ ಕಲೌಪಾಪಾ ಎಂಬಲ್ಲಿಗೆ ಒಯ್ದು ಬಿಡುತ್ತಿದ್ದರು. ಒಂದು ಕಡೆ ಕಡಿದಾದ ಬೆಟ್ಟ, ಉಳಿದೆಲ್ಲ ಕಡೆ ಸಮುದ್ರ. 1884ರಲ್ಲಿ ರಾಣಿ ಅಲ್ಲಿಗೇ ಹೋದಳು. ರೋಗಿಗಳ ಜೊತೆ, ಅಲ್ಲಿ ಅವರ ಸೇವೆಯಲ್ಲಿದ್ದ ಫಾದರ್ ಡೇಮಿಯನ್ ಜೊತೆ ಮಾತಾಡಿ ಅಲ್ಲಿಗೆ ಏನೇನು ಬೇಕು ಅಂತ ತಿಳಿದುಕೊಂಡು ಬಂದಳು. ಮರುವರ್ಷ, ಕುಷ್ಠರೋಗಿಗಳ ಹೆಣ್ಣುಮಕ್ಕಳಿಗಾಗಿ ಹೊನೊಲುಲುವಿನಲ್ಲಿ ಒಂದು ಆಶ್ರಯಧಾಮ. 1890ರಲ್ಲಿ ಬಡ ತಾಯಂದಿರಿಗೆ ಹೆರಿಗೆ ಮನೆ. ದುಡ್ಡು ಎಲ್ಲಿಂದ ಬಂತು? ರಾಣಿಯೇ ಮುಂದೆ ನಿಂತು ಸಂತೆಯಂಥ ಮಾರಾಟಮೇಳ ಮಾಡಿಸಿದಳು, ಔತಣ ಏರ್ಪಡಿಸಿದಳು. ನಮ್ಮ ಮಹಿಳಾ ಸಮಾಜದವರು ಹಪ್ಪಳ ಸಂಡಿಗೆ ಮಾರಿ ದುಡ್ಡು ಕೂಡಿಸುತ್ತೇವಲ್ಲ, ಆ ಥರ. ಆ ಹೆರಿಗೆ ಮನೆಯೇ ಇವತ್ತಿನ ಕಪಿಯೊಲಾನಿ ತಾಯಿ-ಮಕ್ಕಳ ಆಸ್ಪತ್ರೆ. ಬರಾಕ್ ಒಬಾಮಾ 1961ರಲ್ಲಿ ಹುಟ್ಟಿದ್ದು ಅಲ್ಲೇ.

ಶಿಖರ ಅಂದ ಕೂಡಲೇ ನನಗೆ ಹೊಳೆದಿದ್ದು ಮೊದಲ ರ‍್ಯಾಂಕು, ಚಿನ್ನದ ಪದಕ. ಈ ರಾಣಿಯ ಶಿಖರ ಹೆರಿಗೆ ಕೋಣೆ ಮತ್ತು ಕುಷ್ಠರೋಗಿಯ ಮಗಳ ಹಾಸಿಗೆ. ಕೇಳುತ್ತ ಕೇಳುತ್ತ ನನ್ನ ಮಗಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಅಜ್ಜಿ ಅವಳಿಗೊಂದು ಕುರ್ಚಿ ತರಿಸಿ, ಅವಳು ಕೂತ ಮೇಲೆಯೇ ಮಾತು ಮುಂದುವರಿಸಿದರು.

ಈಗ ಆ ಮಾತು ಅಲ್ಲಿಯ ಶಾಲೆಗಳಲ್ಲಿದೆ, ಗಿರಾಕಿಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಹೇಳಿಕೊಡುವ ತರಬೇತಿಗಳಲ್ಲೂ ಇದೆ. ಅದರ ಅಕ್ಕತಂಗಿಯಂಥ ಇನ್ನೊಂದು ಶಬ್ದ ಪೋಒಕೆಲಾ, ಶ್ರೇಷ್ಠತೆ ಅಂತ. 1986ರಲ್ಲಿ ಮಾವಿ ದ್ವೀಪದ ಕಾಅನಪಾಲಿ ಬೀಚ್ ಹೋಟೆಲಿನವರು ಜಾರ್ಜ್ ಕನಹೆಲೆ ಎಂಬ ಹವಾಯಿ ವಿದ್ವಾಂಸರನ್ನು ಕರೆಸಿ ಆ ಹೆಸರಿನದೇ ಒಂದು ಕಾರ್ಯಕ್ರಮ ಶುರು ಮಾಡಿದರು. ನನಗೆ ಇಷ್ಟವಾದದ್ದು ಅದರ ಕ್ರಮ. ಮೊದಲ ಪಾಠ 'ಗಿರಾಕಿ ಬಂದರೆ ಹೀಗೆ ನಗು' ಅಂತಲ್ಲ. ನೌಕರರಿಗೆ ಮೊದಲು ಅವರದೇ ನಾಡಿನ ಇತಿಹಾಸ, ಆಚಾರ, ಮೌಲ್ಯಗಳ ಪಾಠ. ತಾನು ಯಾರು, ಈ ಜಾಗ ಯಾವುದು ಅಂತ ಗೊತ್ತಿರುವವನು ತಾನೇ ಬಂದವರನ್ನು ಬನ್ನಿ ಅನ್ನಬಲ್ಲ? ನಮ್ಮಲ್ಲಿ ಹೋಂಸ್ಟೇ ತರಬೇತಿಗೆ ಹೋದಾಗ ನನಗೆ ಕಲಿಸಿದ್ದು ಟವೆಲನ್ನು ಹಂಸದ ಆಕಾರಕ್ಕೆ ಮಡಚುವುದು. ಹಂಸ ಚೆನ್ನಾಗಿಯೇ ಬರುತ್ತದೆ, ಅದು ಬೇರೆ ಮಾತು.

ಅದೇ 1986ರಲ್ಲಿ ಹವಾಯಿಯ ಕಾನೂನಿನಲ್ಲಿ 'ಅಲೋಹಾ' ಮನೋಭಾವದ ಬಗ್ಗೆಯೇ ಒಂದು ಕಲಮು ಸೇರಿತು. ಪಿಲಾಹಿ ಪಾಕಿ ಎಂಬ ಕವಯಿತ್ರಿ ಆ ಶಬ್ದದ ಒಂದೊಂದು ಅಕ್ಷರಕ್ಕೆ ಹೇಳಿದ ಗುಣಗಳು ಅದರಲ್ಲಿವೆ: ಮೃದುವಾದ ದಯೆ, ಒಗ್ಗಟ್ಟು, ಹಿತವಾದ ನಡೆ, ವಿನಯ, ತಾಳ್ಮೆ. "ತಾಳ್ಮೆ ಇಲ್ಲದಿದ್ದರೆ ಎಷ್ಟು ದಂಡವಂತೆ?" ಅಂತ ಯಜಮಾನರು ಕೇಳಿದರು. ದಂಡ ಇಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ನಾವು ಸಸ್ಯಾಹಾರಿಗಳು, ಅಲ್ಲಿಯ ಊಟ ಬಹುಪಾಲು ಮೀನು, ಹಂದಿಮಾಂಸ. 'ಲಾವುಲಾವು' ಅನ್ನುವುದು ಕೆಸುವಿನ ಎಲೆಯಲ್ಲಿ ಸುತ್ತಿ ಬೇಯಿಸಿದ ತಿನಿಸು. ಕೆಸು ಅಂದಮೇಲೆ ಮಲೆನಾಡಿನವರು ಸುಮ್ಮನಿರುತ್ತೇವಾ? ಪತ್ರೊಡೆ, ಕರಕಲಿ ಎಲ್ಲ ನೆನಪಾಗಿ ಬಾಯಲ್ಲಿ ನೀರು. ಆದರೆ ಒಳಗೆ ಹಂದಿಮಾಂಸ. ಬಡಿಸುವ ಹುಡುಗ 'ಇಲ್ಲ' ಅಂದು ಮೆನು ಮಡಚಿಕೊಂಡು ಹೋಗಬಹುದಿತ್ತು. ಅವನು ಎರಡು ಸಲ ಅಡುಗೆಮನೆಗೆ ಹೋಗಿ ಬಂದ. ಮಾಂಸ ತಾಗದ್ದು ಏನೇನಿದೆ ಅಂತ ಲೆಕ್ಕ ಕೊಟ್ಟ: ಗೆಣಸು, ತೆಂಗಿನ ಹಾಲಿನ ಹಾವುಪಿಯಾ, ಮತ್ತೆ ಕೆಸುವಿನ ಗೆಡ್ಡೆ ಅರೆದು ಮಾಡಿದ ಪೋಯಿ. ಪೋಯಿಯಲ್ಲೂ ಅವತ್ತಿನದು ಬೇರೆ, ಎರಡು ದಿನ ಇಟ್ಟು ಹುಳಿ ಬಂದದ್ದು ಬೇರೆ. ಎರಡನ್ನೂ ಪುಟ್ಟ ಬಟ್ಟಲಲ್ಲಿ ತಂದಿಟ್ಟು, ನಿಮ್ಮ ಮನೆಯಲ್ಲಿ ಹುಳಿ ತಿನ್ನುವ ಅಭ್ಯಾಸ ಇದ್ದರೆ ಇದು ಹಿಡಿಸುತ್ತದೆ ಅಂದ. ದೋಸೆ ಹಿಟ್ಟಿನವರಿಗೆ ಹಿಡಿಸದೆ ಇರುತ್ತದೆಯೇ! ಅವರ ಪುರಾಣದಲ್ಲಿ ಕೆಸು ಮನುಷ್ಯನಿಗೆ ಅಣ್ಣನಂತೆ, ಪೋಯಿಯ ಬಟ್ಟಲು ತೆರೆದಿರುವಾಗ ಮನೆಯಲ್ಲಿ ಜಗಳ ಮಾಡಬಾರದಂತೆ. ಇದನ್ನೂ ಅವನೇ ಹೇಳಿದ್ದು. ಯಜಮಾನರ ಕಡೆ ನೋಡಿ ನಾನು ಬಟ್ಟಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಒಂದು ಬೆಳಗ್ಗೆ ಲೇಆಹಿ ಬೆಟ್ಟ ಹತ್ತಿದೆವು. ಹೊರಗಿನವರು ಡೈಮಂಡ್ ಹೆಡ್ ಅನ್ನುತ್ತಾರೆ. ಆರಿಹೋದ ಜ್ವಾಲಾಮುಖಿ, 232 ಮೀಟರ್ ಎತ್ತರ, 1908ರಲ್ಲಿ ಸೈನ್ಯದವರು ಮಾಡಿದ ದಾರಿ. ಸುರಂಗ ದಾಟಿದ ಮೇಲೆ 99 ಮೆಟ್ಟಿಲು ಕಡಿದಾಗಿ ನಿಂತಿವೆ. ಮೇಲಿಂದ ನೋಡಿದರೆ ಕೆಳಗೆ ಕಪಿಯೊಲಾನಿ ಪಾರ್ಕು, ಆಚೆ ವೈಕೀಕಿಯ ಹೋಟೆಲುಗಳು ಒಂದರ ಪಕ್ಕ ಒಂದು. ಅವುಗಳಲ್ಲಿ ನಮ್ಮದು ಯಾವುದು ಅಂತ ಹುಡುಕಿದೆ, ಸಿಗಲಿಲ್ಲ. ಮಂಡಿ ನೋವಿನ ವಿಷಯ ಬೇಡ.

ಆ ಹೋಟೆಲಿನ ಕೋಣೆಯಲ್ಲೇ ನನಗೆ ಕೂಲಿಯಾ ಅಂದರೇನು ಅಂತ ಸರಿಯಾಗಿ ಅರ್ಥವಾದದ್ದು.

ರಾತ್ರಿ ಮುಖ ತೊಳೆಯುವಾಗ ಹಣೆಯ ಬಿಂದಿ ತೆಗೆದು ಕನ್ನಡಿಗೆ ಅಂಟಿಸುವುದು ನನ್ನ ರೂಢಿ. ನೀವೂ ಮಾಡ್ತೀರಿ, ಇಲ್ಲ ಅನ್ನಬೇಡಿ. ಹೊರಗೆ ಉಳಿದಾಗಲೆಲ್ಲ ಕೋಣೆ ಒರೆಸುವವರು ಅದನ್ನು ಕೊಳೆ ಅಂತ ತಿಳಿದು ಕಿತ್ತು ಹಾಕುತ್ತಾರೆ. ಅವರದೇನು ತಪ್ಪು? ಇಲ್ಲಿ ಮೊದಲ ದಿನ ಸಂಜೆ ವಾಪಸು ಬಂದು ನೋಡಿದರೆ ಕನ್ನಡಿ ಫಳಫಳ ಹೊಳೆಯುತ್ತಿದೆ, ನನ್ನ ಮೂರು ಬಿಂದಿಗಳು ಇದ್ದಲ್ಲೇ ಇವೆ. ಬಗ್ಗಿ ನೋಡಿದೆ. ಒಂದೊಂದು ಬಿಂದಿಯ ಸುತ್ತಲೂ ಬಟ್ಟೆಯ ತುದಿಯಿಂದ ಒರೆಸಿದ್ದಾರೆ, ನೀರಿನ ಒಂದು ಕಲೆಯೂ ಇಲ್ಲ. ಯಾವ ಅತಿಥಿಯೂ ಇದನ್ನು ಕೇಳುವುದಿಲ್ಲ, ಯಾವ ಮೇಲ್ವಿಚಾರಕನೂ ಬಂದು ನೋಡುವುದಿಲ್ಲ. ಕನ್ನಡಿ ಶುದ್ಧವಾಗಿದೆಯೇ ಅಂತ ಪಟ್ಟಿಯಲ್ಲಿ ಗುರುತು ಹಾಕಿದರೆ ಅವರ ಕೆಲಸ ಮುಗಿಯಿತು.

ಮೂರನೆಯ ದಿನ ಪಡಸಾಲೆಯಲ್ಲಿ ಸಿಕ್ಕರು. ಐವತ್ತೈದರ ಆಸುಪಾಸು, ಫಿಲಿಪೀನ್ಸಿನ ಇಲೊಕೋಸ್ ಕಡೆಯವರು. "ಆಂಟಿ, ನನ್ನ ಬಿಂದಿ ನೀವು ತೆಗೆಯಲಿಲ್ಲ" ಅಂದೆ, ಹಣೆ ತೋರಿಸಿ. "ಅಲ್ಲಿ ನೀವು ಇಟ್ಟದ್ದು ತಾನೇ? ಬೇಕಾಗುತ್ತದೆ ಅಂದುಕೊಂಡೆ" ಅಂದರು. ಅಷ್ಟೇ ಉತ್ತರ. ಹೊಗಳಿದ್ದಕ್ಕೆ ಸ್ವಲ್ಪ ಸಂಕೋಚ, ಕೈಯಲ್ಲಿ ಹಾಸಿಗೆಯ ಬಟ್ಟೆಗಳ ರಾಶಿ. ನಾನೂ ಇದೇ ಕೆಲಸದವಳು ಅಂದಮೇಲೆ ಮಾತು ಬಂತು. ದಿನಕ್ಕೆ ಇಷ್ಟು ಕೋಣೆ ಅಂತ ಲೆಕ್ಕ. ಕೊರೊನಾ ಆದಮೇಲೆ ದಿನಾ ಕೋಣೆ ಶುದ್ಧ ಮಾಡುವುದನ್ನು ಎಷ್ಟೋ ಹೋಟೆಲುಗಳು ಬಿಟ್ಟವು. ಅತಿಥಿ ಹೋದ ಮೇಲೆ ಮೂರ್ನಾಲ್ಕು ದಿನದ ಕೊಳೆಯನ್ನು ಒಂದೇ ಸಲ ಉಜ್ಜಬೇಕು, ಸಮಯ ಮಾತ್ರ ಅಷ್ಟೇ. ಭುಜ ನೋಯುತ್ತದೆ ಅಂತ ಎತ್ತಿ ತೋರಿಸಿದರು, ಅರ್ಧಕ್ಕಿಂತ ಮೇಲೆ ಏಳಲಿಲ್ಲ. ಇಲ್ಲಿ ಕೆಲಸ ಮುಗಿಸಿ ಸಂಜೆ ಒಂದು ಅಂಗಡಿಯಲ್ಲಿ ಇನ್ನೊಂದು ಕೆಲಸ. ಆ ಊರಿನ ಬಾಡಿಗೆ ಕೇಳಿದರೆ ನಿಮಗೂ ಎರಡನೇ ಕೆಲಸ ಹುಡುಕಬೇಕು ಅನ್ನಿಸುತ್ತದೆ.

2024ರಲ್ಲಿ ಹೊನೊಲುಲುವಿನ ಹೋಟೆಲ್ ನೌಕರರು ಮುಷ್ಕರ ಹೂಡಿದ್ದರು. ವೈಕೀಕಿಯ ಒಂದು ದೊಡ್ಡ ಹೋಟೆಲಿನಲ್ಲಿ ಅದು 40 ದಿನ ನಡೆಯಿತು. ಹೊಟ್ಟೆಪಾಡಿಗೆ ಒಂದೇ ಕೆಲಸ ಸಾಕಾಗಬೇಕು ಅನ್ನುವುದು ಅವರ ಘೋಷಣೆ. ಕಬ್ಬಿನ ಕೊನೆಯ ದೊಡ್ಡ ತೋಟ 2016ರಲ್ಲಿ ಮುಚ್ಚಿತು, ಈಗ ಆ ದ್ವೀಪಗಳ ಜೀವ ಪ್ರವಾಸೋದ್ಯಮದಲ್ಲಿದೆ. ಅತಿಥಿ ಕೊಂಡುಕೊಳ್ಳುವುದು ಅಲೋಹಾವನ್ನು. ಅದನ್ನು ದಿನಾ ಹೊತ್ತು ತರುವ ಕೈ ಭುಜದಿಂದ ಮೇಲೆ ಏಳುತ್ತಿಲ್ಲ. ಇಷ್ಟಾದರೂ ಆಕೆ ನನ್ನ ಬಿಂದಿಯ ಸುತ್ತ ಒರೆಸಿದ್ದರು. ಅದನ್ನು ಆಕೆಗೆ ಯಾರೂ ಕಲಿಸಿದ್ದಲ್ಲ, ಅದಕ್ಕೆ ಯಾರೂ ದುಡ್ಡು ಕೊಟ್ಟದ್ದೂ ಅಲ್ಲ. ಅದು ಆಕೆಯ ಕೂಲಿಯಾ. ಕೂಲಿಯ ಲೆಕ್ಕ ಮಾತ್ರ ಬೇರೆಯವರ ಕೈಯಲ್ಲಿದೆ. ಕಪಿಯೊಲಾನಿಯ ಹೆಸರು ಹೇಳಿಕೊಂಡು ನೌಕರರನ್ನು ಶಿಖರ ಹತ್ತಿ ಅನ್ನುವ ಮಾಲೀಕರು, ರಾಣಿ ಮೊದಲು ಹೋಗಿ ಏನು ಬೇಕು ಅಂತ ಕೇಳಿದಳು ಅನ್ನುವುದನ್ನೂ ಓದಬೇಕು. ಮಾಲೀಕರು ಅಂದಾಗ ನಾಲ್ಕು ಕೋಣೆಯ ಒಡತಿಯಾದ ನಾನೂ ಬಂದೆನಲ್ಲ!

ನಮ್ಮಲ್ಲಿ ಅಡುಗೆಗೆ ಬರುವ ಅಕ್ಕನ ವಿಷಯ ಇಲ್ಲಿ ಹೇಳಬೇಕು. ಕಳೆದ ಮಳೆಗಾಲದಲ್ಲಿ ಜನ ಜಾಸ್ತಿ. ಬೆಂಗಳೂರಿಂದ ಸಂಜೆ ಹೊರಟವರು ರಾತ್ರಿ ಹನ್ನೊಂದಕ್ಕೆ ಬಂದು ಬಿಸಿ ಊಟ ಕೇಳುತ್ತಾರೆ. ಕೊಡದಿದ್ದರೆ ಸ್ಟಾರ್ ಒಂದು ಕಮ್ಮಿ. ಅಕ್ಕ ಒಲೆಯ ಪಕ್ಕದಲ್ಲೇ ಕೂತು ತೂಕಡಿಸುತ್ತಿದ್ದರು, ಬಂದವರ ಎದುರು ಮಾತ್ರ ನಗುನಗುತ್ತ ಬಡಿಸುತ್ತಿದ್ದರು. ಅತಿಥಿಗಳು ಬರೆದದ್ದರಲ್ಲೆಲ್ಲ ಅವರ ನೀರುದೋಸೆಯ ಹೊಗಳಿಕೆ ಇದೆ. ನಾವು ಅಮೆರಿಕಕ್ಕೆ ಹೊರಡುವ ಮುಂಚೆ ಅವರು, "ನೀವು ಬಂದ್ಮೇಲೆ ನಾ ಬರ್ತೀನೋ ಇಲ್ವೋ ನೋಡ್ವ ಅಮ್ಮಾ, ರಾತ್ರಿ ಆಗಲ್ಲ" ಅಂದಿದ್ದರು.

ಹೊನೊಲುಲುವಿನಿಂದ ಹೊರಡುವ ದಿನ ಕನ್ನಡಿಯ ಮೇಲೆ ಒಂದು ಚೀಟಿ ಅಂಟಿಸಿ, ಪಕ್ಕದಲ್ಲಿ ಹೊಸ ಬಿಂದಿಯ ಒಂದು ಪ್ಯಾಕೆಟ್ಟು, ಕೈಲಾದ ಟಿಪ್ಸು ಇಟ್ಟೆ. ಮುಂದಿನ ಕೌಂಟರಿನಲ್ಲಿ ಅಭಿಪ್ರಾಯ ಬರೆಯುವ ಹಾಳೆ ಕೊಟ್ಟರು. ಅದರಲ್ಲಿ ಹಾಸಿಗೆಗೆ, ತಿಂಡಿಗೆ, ವೈಫೈಗೆ ಎಲ್ಲದಕ್ಕೂ ಅಂಕ ಹಾಕುವ ಜಾಗ ಇತ್ತು. ನಾನು ಬರೆಯಬೇಕಾದದ್ದಕ್ಕೆ ಇರಲಿಲ್ಲ. ಹಿಂಬದಿಯಲ್ಲಿ ಮಗಳ ಕೈಲಿ ಆ ಕನ್ನಡಿಯ ಕಥೆ ಬರೆಸಿ, ಇವರ ಕೋಣೆಗಳ ಲೆಕ್ಕ ಕಡಿಮೆ ಮಾಡಿ ಅಂತಲೂ ಸೇರಿಸಿದೆ. ಕೌಂಟರಿನ ಹುಡುಗಿ ಓದಿ, ಸುತ್ತ ನೋಡಿ, ಅದನ್ನು ಮಡಚದೆ ಬೇರೆಯಾಗಿ ಎತ್ತಿಟ್ಟಳು.

ಊರಿಗೆ ಬಂದ ಮೇಲೆ ಯಜಮಾನರ ಜೊತೆ ಎರಡು ರಾತ್ರಿ ಕೂತು ಲೆಕ್ಕ ಹಾಕಿದೆವು. ಕೋಣೆಯ ಬಾಡಿಗೆ ಸ್ವಲ್ಪ ಏರಿಸಿದೆವು, ಏರಿದ್ದರಲ್ಲಿ ಅರ್ಧ ಅಡುಗೆಯ ಅಕ್ಕನಿಗೂ ಕೋಣೆ ಗುಡಿಸುವ ಹುಡುಗಿಗೂ. ರಾತ್ರಿ ಎಂಟರ ಮೇಲೆ ಬಂದವರಿಗೆ ಬಿಸಿ ಊಟ ಇಲ್ಲ ಅಂತ ಮೊದಲೇ ಫೋನಿನಲ್ಲಿ ಹೇಳುತ್ತೇವೆ. ಇದರಿಂದ ಎರಡು ಬುಕಿಂಗ್ ತಪ್ಪಿತು. ಒಬ್ಬರು ಮೂರೇ ಸ್ಟಾರ್ ಕೊಟ್ಟು ಹೋದರು. ಮಳೆಗಾಲ ಪೂರ್ತಿ ಹೀಗೆ ನಡೆದರೆ ಬ್ಯಾಂಕಿನ ಕಂತು ಕಟ್ಟುವುದು ಹೇಗೆ ಅಂತ ಯಜಮಾನರು ಇನ್ನೂ ಗೊಣಗುತ್ತಿದ್ದಾರೆ, ಆ ಗೊಣಗಾಟದಲ್ಲಿ ಅರ್ಥವಿದೆ.

ಅಕ್ಕನನ್ನು ಕರೆದು ಇನ್ನೇನು ಬೇಕು ಅಂತ ಕೇಳಿದೆ. ದೊಡ್ಡದೇನೋ ಕೇಳುತ್ತಾರೆ ಅಂದುಕೊಂಡಿದ್ದೆ. "ಆ ದೋಸೆ ಒಲೆ ಒಂಚೂರು ಎತ್ತರಕ್ಕೆ ಕಟ್ಸಿ ಅಮ್ಮಾ, ಬಗ್ಗಿ ಬಗ್ಗಿ ಸೊಂಟ ಹೋಯ್ತು. ಮತ್ತೆ ರಾತ್ರಿ ಯಾರಾದ್ರೂ ಹಸ್ಕಂಡು ಬಂದ್ರೆ ಪಾಪ, ಅವಲಕ್ಕಿ ಒಗ್ಗರಣೆ ಹಾಕಿಟ್ಟಿರ್ತೀನಿ, ಮೊಸರು ನೀವೇ ಹಾಕ್ಕೊಡಿ" ಅಂದರು.

ಒಲೆಯ ಗಾರೆ ಇನ್ನೂ ಹಸಿ ಇದೆ. ಸೋಮವಾರದಿಂದ ಬರುತ್ತಾರೆ.